ಹಸಿ ಮೈ ಮತ್ತು ಎಣಿಕೆಯ ದಿನಗಳು: ಕಲಘಟಗಿ ಸೀಮೆಯ ಜನಪದ ವೈದ್ಯದಲ್ಲಿ ಚೇತರಿಕೆಯ ಕಲ್ಪನೆ

ಜನಪದ ವೈದ್ಯವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳಲ್ಲಿ ಔಷಧಿಗಳ ಸಂಗ್ರಹಕ್ಕೆ ಹೆಚ್ಚಿನ ಸ್ಥಾನ ದೊರೆತಿದೆ. ಯಾವ ಬೇನೆಗೆ ಯಾವ ಬೇರು, ಯಾವ ಗಾಯಕ್ಕೆ ಯಾವ ತೊಪ್ಪಲು, ಯಾವ ವಿಷಕ್ಕೆ ಯಾವ ಮಂತ್ರ ಎಂಬುದನ್ನು ಸಂಗ್ರಾಹಕರು ಶ್ರದ್ಧೆಯಿಂದ ದಾಖಲಿಸುತ್ತ ಬಂದಿದ್ದಾರೆ. ಆದರೆ ಔಷಧಿ ಕೊಟ್ಟ ಮೇಲೆ ರೋಗಿಯು ಎಷ್ಟು ದಿನ ರೋಗಿಯಾಗಿ ಉಳಿಯಬಹುದು, ಆ ದಿನಗಳನ್ನು ಯಾರು ಎಣಿಸುತ್ತಾರೆ, ಎಣಿಕೆ ಮುಗಿದ ಮೇಲೂ ಮೈ ಕೂಡಿ ಬರದಿದ್ದರೆ ತಪ್ಪನ್ನು ಯಾರ ಮೇಲೆ ಹೊರಿಸಲಾಗುತ್ತದೆ ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಚೇತರಿಕೆಯೂ ಔಷಧಿಯಂತೆಯೇ ಜನಪದ ಜ್ಞಾನದ ಒಂದು ಭಾಗ. ಅದಕ್ಕೆ ತನ್ನದೇ ಆದ ಶಬ್ದಗಳಿವೆ, ನಿಯಮಗಳಿವೆ, ಗಡುವುಗಳಿವೆ.

ಈ ಪ್ರಶ್ನೆಗಳು ಇಂದು ಹೊಸ ತುರ್ತನ್ನು ಪಡೆದುಕೊಂಡಿವೆ. ಸಂಧಿವಾತ, ಲೂಪಸ್, ಸೋರಿಯಾಸಿಸ್, ಬಾಲ್ಯದಲ್ಲೇ ಕಾಣಿಸಿಕೊಳ್ಳುವ ಮೊದಲ ಬಗೆಯ ಸಕ್ಕರೆ ಕಾಯಿಲೆ, ಕೆಲವು ಬಗೆಯ ಥೈರಾಯ್ಡ್ ತೊಂದರೆಗಳು ಇವನ್ನೆಲ್ಲ ವೈದ್ಯರು ಆಟೋಇಮ್ಯೂನ್ ಕಾಯಿಲೆಗಳೆಂದು ಕರೆಯುತ್ತಾರೆ. ಕನ್ನಡದಲ್ಲಿ ಇವನ್ನು ಸ್ವಪ್ರತಿರಕ್ಷಾ ರೋಗಗಳು ಎನ್ನಬಹುದು. ಹೊರಗಿನ ಸೋಂಕಿನಿಂದ ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ದೇಹದ ಅಂಗಾಂಶಗಳ ಮೇಲೆ ತಿರುಗಿ ಬೀಳುವುದು ಇವುಗಳ ಸಾಮಾನ್ಯ ಲಕ್ಷಣ. ಇಂಥ ಕಾಯಿಲೆ ಇರುವವರಲ್ಲಿ, ವಿಶೇಷವಾಗಿ ಅದಕ್ಕೆ ಔಷಧಿ ಸೇವಿಸುತ್ತಿರುವವರಲ್ಲಿ, ಇತರರಿಗೆ ವಾರದಲ್ಲಿ ಬಿಟ್ಟುಹೋಗುವ ಜ್ವರ ತಿಂಗಳು ಹಿಡಿಯಬಹುದು. ಹತ್ತು ದಿನದಲ್ಲಿ ಮಾಯುವ ಗಾಯ ಹಸಿಯಾಗಿಯೇ ಉಳಿಯಬಹುದು. ದಿನಗಳ ಎಣಿಕೆಯ ಮೇಲೆ ನಿಂತಿರುವ ಗ್ರಾಮೀಣ ಆರೈಕೆಯ ಪದ್ಧತಿ ಈ ನಿಧಾನವನ್ನು ಹೇಗೆ ಅರ್ಥಮಾಡಿಕೊಳ್ಳುತ್ತದೆ, ಎಲ್ಲಿ ಸೋಲುತ್ತದೆ, ಯಾವ ಅಂಶ ಈಗಲೂ ಉಪಯುಕ್ತವಾಗಿದೆ ಎಂಬುದನ್ನು ಧಾರವಾಡ ಜಿಲ್ಲೆಯ ಕಲಘಟಗಿ ಸೀಮೆಯ ಹಿನ್ನೆಲೆಯಲ್ಲಿ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆಯ ಸ್ವರೂಪ

ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯಲ್ಲಿ ಸುಮಾರು 30 ಕಿ.ಮೀ. ದೂರದಲ್ಲಿರುವ ಕಲಘಟಗಿಯು ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಆರಂಭವಾಗುವ ಸ್ಥಳ. ಪೂರ್ವಕ್ಕೆ ಹತ್ತಿ, ಗೋವಿನಜೋಳದ ಹೊಲಗಳು. ಪಶ್ಚಿಮಕ್ಕೆ ಭತ್ತದ ಗದ್ದೆಗಳು ಮತ್ತು ಕಾಡು. ಬೇಡ್ತಿ ಹೊಳೆ ಈ ತಾಲ್ಲೂಕನ್ನು ಹಾಯ್ದು ಉತ್ತರ ಕನ್ನಡದ ಕಡೆಗೆ ಇಳಿದು ಮುಂದೆ ಗಂಗಾವಳಿಯಾಗುತ್ತದೆ. ಈ ಭಾಗದಲ್ಲಿ ಭತ್ತವನ್ನು ಕೂರಿಗೆಯಿಂದ ಬಿತ್ತುವ ರೂಢಿ ಇರುವುದರಿಂದ ಮಳೆಗಾಲದ ಉದ್ದಕ್ಕೂ ಕಸ ತೆಗೆಯುವ ಕೆಲಸ ಹೆಚ್ಚು. ಅದು ಬಹುಮಟ್ಟಿಗೆ ಹೆಣ್ಣುಮಕ್ಕಳ ಪಾಲಿನದು. ದಿನವಿಡೀ ತೇವದ ಮಣ್ಣಿನಲ್ಲಿ ಕಾಲೂರಿ, ಕುರ್ಚಿಗೆ ಹಿಡಿದು ಕೆಲಸ ಮಾಡುವವರಿಗೆ ಬೆರಳ ಸಂದಿಯ ಹುಣ್ಣು, ಅಂಗಾಲಿನ ಒಡಕು, ಕೈಗೆ ತಗಲುವ ಸಣ್ಣಪುಟ್ಟ ಗಾಯ ಇವು ಹೊಸತಲ್ಲ. ಗಾಯ ಬೇಗ ಮಾಯುವುದು ಇಲ್ಲಿ ದುಡಿಮೆಯ ಪ್ರಶ್ನೆ, ಕೂಲಿಯ ಪ್ರಶ್ನೆ.

ಕಲಘಟಗಿಯ ಹೆಸರು ನಾಡಿನಾದ್ಯಂತ ಪರಿಚಿತವಾಗಿರುವುದು ಅಲ್ಲಿಯ ತೊಟ್ಟಿಲುಗಳಿಂದ. ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರಗಳನ್ನು ಬರೆದ ಈ ಮರದ ತೊಟ್ಟಿಲು ಬಾಣಂತನದ ಸಂಸ್ಕೃತಿಗೆ ಸೇರಿದ ವಸ್ತು. ಚೇತರಿಕೆಗೆ ಸಮಾಜವು ಮನಃಪೂರ್ವಕವಾಗಿ ಕಾಲಾವಕಾಶ ಕೊಟ್ಟ ಒಂದು ಸಂದರ್ಭವಿದ್ದರೆ ಅದು ಬಾಣಂತನವೇ. ಆದ್ದರಿಂದ ಮುಂದಿನ ಚರ್ಚೆಯಲ್ಲಿ ಬಾಣಂತನಕ್ಕೆ ಮುಖ್ಯ ಸ್ಥಾನವಿದೆ.

ಮೂರು ಕ್ರಿಯಾಪದಗಳು

ರೋಗ ವಾಸಿಯಾಯಿತು ಎಂಬ ಶಿಷ್ಟ ಕನ್ನಡದ ಒಂದೇ ಮಾತಿಗೆ ಈ ಭಾಗದ ಆಡುನುಡಿಯಲ್ಲಿ ಮೂರು ಬೇರೆ ಬೇರೆ ಕ್ರಿಯಾಪದಗಳಿವೆ. ಮೊದಲನೆಯದು ‘ಬಿಡುವುದು’. ಧಾರವಾಡ ಸೀಮೆಯಲ್ಲಿ ಜ್ವರವನ್ನು ಬಹುವಚನದಲ್ಲಿ ಹೇಳುವ ವಾಡಿಕೆ: ‘ಜ್ವರ ಬಂದಾವ’, ‘ಜ್ವರ ಬಿಟ್ಟಾವ’. ಜ್ವರಗಳು ಹೊರಗಿನಿಂದ ಬರುತ್ತವೆ, ಮೈಯನ್ನು ಹಿಡಿಯುತ್ತವೆ, ಒಂದು ದಿನ ಬಿಟ್ಟು ಹೋಗುತ್ತವೆ. ಇಲ್ಲಿ ಕರ್ತೃ ರೋಗವೇ ಹೊರತು ರೋಗಿಯಲ್ಲ. ಬಿಟ್ಟುಹೋದದ್ದು ಮತ್ತೆ ಬಂದರೆ ‘ಹೊಳ್ಳಿ ಬಂದಾವ’ ಎನ್ನುತ್ತಾರೆ.

ಎರಡನೆಯದು ‘ಮಾಯುವುದು’. ಇದು ಗಾಯಕ್ಕೆ, ಹುಣ್ಣಿಗೆ ಸಲ್ಲುವ ಮಾತು. ‘ಗಾಯ ಮಾದೈತಿ’ ಎಂದರೆ ಬಾಯಿ ಕೂಡಿ, ಹಸಿ ಆರಿ, ಮೇಲೆ ಚರ್ಮ ಕಟ್ಟಿದೆ ಎಂದರ್ಥ. ಕಣ್ಣಿಗೆ ಕಾಣುವ, ಕೈಯಿಂದ ಮುಟ್ಟಿ ನೋಡಬಹುದಾದ ಚೇತರಿಕೆ ಇದು.

ಮೂರನೆಯದು ‘ಸುಧಾರಿಸುವುದು’. ಜ್ವರ ಬಿಟ್ಟ ಮೇಲೆ, ಗಾಯ ಮಾದ ಮೇಲೆ, ಮೈಯಲ್ಲಿ ಕಸುವು ತುಂಬಿ ಮನುಷ್ಯ ಮೊದಲಿನಂತೆ ಎದ್ದು ತಿರುಗಾಡುವುದಕ್ಕೆ ಈ ಶಬ್ದ. ‘ಜ್ವರ ಬಿಟ್ಟಾವ, ಇನ್ನೂ ಸುಧಾರಿಸಿಲ್ಲ’ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುವಂಥದು. ಇಲ್ಲಿ ಮಾತ್ರ ಕರ್ತೃ ರೋಗಿಯೇ. ರೋಗ ಬಿಡುತ್ತದೆ, ಗಾಯ ಮಾಯುತ್ತದೆ, ಆದರೆ ಸುಧಾರಿಸಬೇಕಾದವರು ಮನುಷ್ಯರು.

ರೋಗದ ನಿರ್ಗಮನ, ಅಂಗಾಂಶದ ದುರಸ್ತಿ ಹಾಗೂ ಬಲದ ಮರುಗಳಿಕೆ ಇವು ಮೂರೂ ಬೇರೆ ಬೇರೆ ಘಟನೆಗಳು, ಅವು ಒಂದೇ ದಿನ ಸಂಭವಿಸಬೇಕಾಗಿಲ್ಲ ಎಂಬ ತಿಳಿವಳಿಕೆ ಈ ಶಬ್ದಗಳಲ್ಲಿ ಅಡಗಿದೆ. ಇದು ಆಧುನಿಕ ವೈದ್ಯಶಾಸ್ತ್ರಕ್ಕೂ ಒಪ್ಪಿತವಾದ ಸಂಗತಿ. ಚರ್ಮದ ಗಾಯ ಮೇಲ್ನೋಟಕ್ಕೆ ಮುಚ್ಚಿಕೊಂಡ ಮೇಲೂ ಒಳಗಿನ ನಾರುಗಳ ಮರುಜೋಡಣೆ ತಿಂಗಳುಗಟ್ಟಲೆ ನಡೆಯುತ್ತದೆ; ಪೂರ್ಣ ಮಾದ ಕಲೆಯೂ ಮೂಲ ಚರ್ಮದ ಬಲದ ಸುಮಾರು ನೂರಕ್ಕೆ 80ರಷ್ಟನ್ನು ಮಾತ್ರ ಮರಳಿ ಪಡೆಯುತ್ತದೆ.

ಈ ಮೂರು ಕ್ರಿಯೆಗಳ ನಡುವಿನ ಕಾಲವನ್ನು ಸೂಚಿಸುವ ವಿಶೇಷಣ ‘ಹಸಿ’. ಹೊಸ ಗಾಯ ‘ಹಸಿ ಗಾಯ’. ಹೊಸದಾಗಿ ಹೆತ್ತವಳು ‘ಹಸಿ ಬಾಣಂತಿ’, ಅವಳದು ‘ಹಸಿ ಮೈ’. ಒಂದೇ ಶಬ್ದ ಚರ್ಮದ ಮೇಲಿನ ಸೀಳಿಗೂ ಇಡೀ ದೇಹಕ್ಕೂ ಅನ್ವಯವಾಗುವುದು ಗಮನಾರ್ಹ. ಹಸಿ ಮೈ ಎಂದರೆ ಬಾಯಿ ತೆರೆದಿರುವ ಮೈ. ಗಾಳಿ, ತಂಪು, ದೃಷ್ಟಿ, ನಂಜು ಇವು ಒಳಹೊಗಬಲ್ಲ ಮೈ. ಅದು ಆರಿ ಗಟ್ಟಿಯಾಗುವವರೆಗೆ ಅದಕ್ಕೆ ರಕ್ಷಣೆ ಬೇಕು, ದುಡಿಮೆಯಿಂದ ಬಿಡುವು ಬೇಕು ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ.

ಎಣಿಕೆಯ ದಿನಗಳು

ಈ ರಕ್ಷಣೆ ಅನಿಯಮಿತವಲ್ಲ. ಅದಕ್ಕೆ ಎಣಿಕೆ ಇದೆ. ಮೈಮೇಲೆ ಗುಳ್ಳೆ ಏಳುವ ಬೇನೆಗಳನ್ನು ದೇವಿ, ಅಮ್ಮ ಎಂದು ಕರೆಯುವ ಮನೆಗಳಲ್ಲಿ ಒಗ್ಗರಣೆ ಹಾಕುವುದಿಲ್ಲ, ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಬೇವಿನ ತೊಪ್ಪಲನ್ನು ಬಾಗಿಲಿಗೂ ಹಾಸಿಗೆಗೂ ಇಡುತ್ತಾರೆ. ಐದು, ಏಳು ಅಥವಾ ಒಂಬತ್ತನೆಯ ದಿನ ಬೇವು ಹಾಕಿ ಕಾಯಿಸಿದ ನೀರಿನಲ್ಲಿ ಮೀಯಿಸುತ್ತಾರೆ. ಇದಕ್ಕೆ ‘ನೀರು ಹಾಕುವುದು’ ಎಂದು ಹೆಸರು. ನೀರು ಹಾಕಿ, ದೇವಿಗೆ ಉಡಿ ತುಂಬಿದ ಮೇಲೆ ರೋಗಿ ರೋಗಿಯಾಗಿ ಉಳಿಯುವುದಿಲ್ಲ. ಮೈಲಿ ಬೇನೆ ಎಂದು ಈ ಭಾಗದಲ್ಲಿ ಕರೆಯುತ್ತಿದ್ದ ಸಿಡುಬು ಜಗತ್ತಿನಿಂದ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಣೆಯಾದ ಮೇಲೂ ಅದಕ್ಕಾಗಿ ರೂಪುಗೊಂಡ ಆಚರಣೆ ಇತರ ಗುಳ್ಳೆ ಬೇನೆಗಳಿಗೆ ಮುಂದುವರಿದಿದೆ.

ಊರಿಗೆ ಊರೇ ಬೇನೆಗೆ ತುತ್ತಾದಾಗ ಎಣಿಕೆಯೂ ಊರಿನದಾಗುತ್ತಿತ್ತು. ಪ್ಲೇಗು, ವಾಂತಿಭೇದಿಗಳ ಕಾಲದಲ್ಲಿ ಜನ ಮನೆ ಬಿಟ್ಟು ಊರ ಹೊರಗೆ ಅಡುಗೆ ಮಾಡಿ ಉಂಡು ಮರಳುವ ‘ಹೊರಬೀಡು’, ದ್ಯಾಮವ್ವ ದುರ್ಗವ್ವರ ಹೆಸರಿನಲ್ಲಿ ಗೊತ್ತಾದ ವಾರಗಳಂದು ಹೊಲದ ಕೆಲಸ ನಿಲ್ಲಿಸುವ ‘ವಾರ ಬಿಡುವುದು’ ಇವು ಇಂಥ ಸಾಮೂಹಿಕ ಬಿಡುವುಗಳು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಬ್ಬಿದಾಗ ಹಾಫ್‌ಕಿನ್‌ರ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಿದ್ದು ವೈದ್ಯಕೀಯ ಚರಿತ್ರೆಯಲ್ಲಿ ದಾಖಲಾಗಿದೆ. ಹೀಗೆ ಈ ಪ್ರದೇಶದ ಆಚರಣೆಗಳ ಹಿಂದೆ ಸಾಂಕ್ರಾಮಿಕಗಳ ನೇರ ನೆನಪಿದೆ. ಸಾಂಕ್ರಾಮಿಕ ಬರುತ್ತದೆ, ಕೊಲ್ಲುತ್ತದೆ ಅಥವಾ ಬಿಟ್ಟು ಹೋಗುತ್ತದೆ. ಎಣಿಕೆಯ ಪದ್ಧತಿ ಹುಟ್ಟಿದ್ದು ಇಂಥ ಬೇನೆಗಳ ಅನುಭವದಿಂದ.

ಎಣಿಕೆಗಳಲ್ಲಿ ಅತ್ಯಂತ ದೀರ್ಘವಾದುದು ಬಾಣಂತನದ್ದು. ಚೊಚ್ಚಲ ಹೆರಿಗೆ ತವರಿನಲ್ಲಿ. ಹೊರಸು, ಕೆಂಡದ ಕಾವು, ಲೋಬಾನದ ಹೊಗೆ, ಬಿಸಿನೀರು, ಅಳವಿಯ ಪಾಯಸ, ಅಂಟಿನ ಉಂಡಿ. ತಣ್ಣೀರಿನಲ್ಲಿ ಕೈ ಇಡುವಂತಿಲ್ಲ, ಕಿವಿ ತೆರೆದು ಗಾಳಿಗೆ ಕೂಡುವಂತಿಲ್ಲ. ಮೊದಲ ಘಟ್ಟ ನಲವತ್ತು ದಿನ. ಆಮೇಲೆ ಮೂರು ಅಥವಾ ಐದನೆಯ ತಿಂಗಳಲ್ಲಿ ಮಗು, ತೊಟ್ಟಿಲು ಸಮೇತ ಗಂಡನ ಮನೆಗೆ ಕಳಿಸುವುದು ರೂಢಿ. ತೊಟ್ಟಿಲು ಅತ್ತೆಯ ಮನೆ ಸೇರಿತೆಂದರೆ ಹಸಿ ಮೈಯ ಕಾಲ ಮುಗಿಯಿತೆಂದು ಅರ್ಥ. ಅಲ್ಲಿಂದ ಮುಂದೆ ಅವಳು ಮನೆಯ, ಹೊಲದ ದುಡಿಮೆಗೆ ಮರಳಬೇಕಾದ ಸೊಸೆ.

ನಂಜು

ಚೇತರಿಕೆ ತಡವಾದಾಗ ಜನಪದ ವೈದ್ಯವು ಕೊಡುವ ಮುಖ್ಯ ವಿವರಣೆ ನಂಜು. ನಂಜು ಎಂದರೆ ವಿಷ. ಇದು ತಮಿಳು ಮೊದಲಾದ ಸೋದರ ಭಾಷೆಗಳಲ್ಲಿಯೂ ಇರುವ ಹಳೆಯ ದ್ರಾವಿಡ ಶಬ್ದ. ವಿಷಚಿಕಿತ್ಸೆ ಕನ್ನಡ ವೈದ್ಯ ಸಾಹಿತ್ಯದ ಪ್ರಮುಖ ಶಾಖೆ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಪೂರ್ಣವಾಗಿ ಈ ವಿಷಯಕ್ಕೆ ಮೀಸಲಾದ ಗ್ರಂಥ. ಆದರೆ ಆಡುಮಾತಿನ ನಂಜು ಹಾವು ಚೇಳುಗಳ ವಿಷಕ್ಕಿಂತ ವಿಶಾಲವಾದ ಕಲ್ಪನೆ. ತುಕ್ಕು ಹಿಡಿದ ಮೊಳೆಯಲ್ಲಿ ನಂಜಿದೆ, ಮಳೆಗಾಲದ ಕೆಸರಿನಲ್ಲಿ ನಂಜಿದೆ, ಕೆಲವು ಆಹಾರಗಳಲ್ಲಿ ನಂಜಿದೆ. ಅವುಗಳಲ್ಲಿ ಬದನೆಕಾಯಿಗೆ ಅಗ್ರಸ್ಥಾನ. ಇವು ಆರೋಗ್ಯವಂತರಿಗೆ ಕೇಡು ಮಾಡುವುದಿಲ್ಲ. ಹಸಿ ಗಾಯ ಅಥವಾ ಹಸಿ ಮೈ ಇರುವವರು ತಿಂದರೆ ‘ನಂಜಾಗುತ್ತದೆ’. ಗಾಯ ಕೀವು ತುಂಬುತ್ತದೆ, ಬಾವು ಏರುತ್ತದೆ, ಮಾಯುವುದು ನಿಲ್ಲುತ್ತದೆ.

ಈ ಕಲ್ಪನೆಯಲ್ಲಿ ಸೂಕ್ಷ್ಮವಾದ ವೀಕ್ಷಣೆ ಇದೆ. ಒಂದೇ ಗಾಯ ಒಬ್ಬರಲ್ಲಿ ಬೇಗ ಮಾಯುತ್ತದೆ, ಇನ್ನೊಬ್ಬರಲ್ಲಿ ತಡವಾಗುತ್ತದೆ. ವ್ಯತ್ಯಾಸ ಗಾಯದಲ್ಲಿಲ್ಲ, ಗಾಯವಾದ ಮೈಯಲ್ಲಿದೆ ಎಂಬುದೇ ಆ ವೀಕ್ಷಣೆ. ‘ಅವಳ ಮೈಯಾಗ ನಂಜೈತಿ’ ಎಂಬ ಮಾತು ವ್ಯಕ್ತಿಯ ದೇಹಪ್ರಕೃತಿಯನ್ನು ಕುರಿತದ್ದು. ಆದರೆ ನಂಜು ಒಳಗೆ ಹೇಗೆ ಸೇರಿತು ಎಂಬ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಬಾಯಿಯ ಕಡೆಗೇ ತಿರುಗುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯ ಇನ್ನೊಂದು ಮುಖವೆಂದರೆ, ರೋಗ ಇರುವವನಿಗೆ ಊಟ ತಿಳಿಯದು ಎಂಬುದು. ಎಣಿಕೆಯ ದಿನ ಮುಗಿದ ಮೇಲೂ ಸುಧಾರಿಸದಿದ್ದರೆ ಪಥ್ಯ ಕೆಟ್ಟಿದೆ ಎಂದೇ ತೀರ್ಮಾನ. ಪಥ್ಯ ಕೆಡಿಸಿದವರು ರೋಗಿಯೇ.

ಎಣಿಕೆಗೆ ಸಿಕ್ಕದ ಬೇನೆ

ದೇಹವು ತನ್ನ ಮೇಲೆಯೇ ವಿಷ ಕಾರಬಲ್ಲದೇ ಎಂಬ ಪ್ರಶ್ನೆಯನ್ನು ಯುರೋಪಿನ ವಿಜ್ಞಾನಿಗಳೂ ಬಹುಕಾಲ ಒಪ್ಪಲಿಲ್ಲ. ಜರ್ಮನಿಯ ಪೌಲ್ ಎರ್ಲಿಕ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ‘ಹಾರರ್ ಆಟೋಟಾಕ್ಸಿಕಸ್’ ಎಂಬ ಲ್ಯಾಟಿನ್ ಪದಪುಂಜವನ್ನು ಬಳಕೆಗೆ ತಂದರು. ಸ್ವವಿಷಭೀತಿ ಎಂದು ಅದನ್ನು ಕನ್ನಡಿಸಬಹುದು. ದೇಹವು ತನಗೆ ತಾನೇ ವಿಷವಾಗುವುದನ್ನು ನಿಸರ್ಗವು ತಡೆಯುತ್ತದೆಂಬುದು ಅವರ ವಾದ. 1904ರಲ್ಲಿ ಡೊನಾತ್ ಮತ್ತು ಲ್ಯಾಂಡ್‌ಸ್ಟೈನರ್ ರೋಗಿಯ ರಕ್ತಕಣಗಳನ್ನು ಅವನ ರಕ್ತದಲ್ಲಿಯ ಅಂಶವೇ ನಾಶಮಾಡುವ ಉದಾಹರಣೆಯನ್ನು ತೋರಿಸಿದರು. 1956ರಲ್ಲಿ ಥೈರಾಯ್ಡ್ ಗ್ರಂಥಿಯ ಒಂದು ರೋಗದಲ್ಲಿ ದೇಹವು ಆ ಗ್ರಂಥಿಯ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುವುದು ಪತ್ತೆಯಾದ ಮೇಲೆ ಈ ಕಲ್ಪನೆ ಗಟ್ಟಿಯಾಗಿ ನೆಲೆಯೂರಿತು. ನಂಜಿಗೆ ಹೊರಗಿನ ಮೂಲವೇ ಬೇಕೆಂದಿಲ್ಲ, ಅದು ಮೈಯಲ್ಲಿಯೇ ಹುಟ್ಟಬಹುದು ಎಂದು ಇದರ ಸಾರವನ್ನು ಜನಪದರ ನುಡಿಯಲ್ಲಿ ಹೇಳಬಹುದು.

ಇಂಥ ರೋಗಿಗಳಲ್ಲಿ ಚೇತರಿಕೆ ನಿಧಾನವಾಗಲು ಮುಖ್ಯವಾಗಿ ಮೂರು ಕಾರಣಗಳಿವೆ. ಮೊದಲನೆಯದು ರೋಗವೇ. ಉದಾಹರಣೆಗೆ ಲೂಪಸ್‌ನಲ್ಲಿ ರೋಗಾಣುಗಳನ್ನು ತೊಡೆದುಹಾಕುವ ರಕ್ತದ ಅಂಶಗಳು ಕಡಿಮೆಯಾಗುತ್ತವೆ. ರಕ್ಷಣಾ ವ್ಯವಸ್ಥೆ ಒಂದು ಕಡೆ ಅತಿಯಾಗಿ, ಇನ್ನೊಂದು ಕಡೆ ಕೊರತೆಯಾಗಿ ಕೆಲಸ ಮಾಡುತ್ತದೆ. ಸೋಂಕು ಈ ರೋಗಿಗಳ ಮರಣಕ್ಕೆ ಪ್ರಮುಖ ಕಾರಣಗಳಲ್ಲಿ ಒಂದು. ಎರಡನೆಯದು ಔಷಧಿ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟು ಆಶ್ಚರ್ಯಕರ ಪರಿಣಾಮ ಕಂಡರು. 1950ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿ ದೊರೆಯಿತು. ಅದೇ ವರ್ಗಕ್ಕೆ ಸೇರಿದ ಸ್ಟಿರಾಯ್ಡ್ ಮಾತ್ರೆಗಳು ಇಂದಿಗೂ ಅನೇಕರ ಜೀವ ಉಳಿಸುತ್ತಿವೆ. ಆದರೆ ಅವು ಉರಿಯೂತವನ್ನು ತಗ್ಗಿಸುವಾಗ ಗಾಯ ಮಾಯುವುದಕ್ಕೆ ಬೇಕಾದ ಮೊದಲ ಹಂತದ ಉರಿಯೂತವನ್ನೂ ತಗ್ಗಿಸುತ್ತವೆ. ನಾರಿನ ಅಂಶದ ಉತ್ಪಾದನೆಯನ್ನು ಕುಗ್ಗಿಸುತ್ತವೆ. ದೀರ್ಘಕಾಲ ಸೇವಿಸಿದರೆ ಎಲುಬನ್ನು ತೆಳುವಾಗಿಸುತ್ತವೆ. ಮೂರನೆಯದು ರೋಗದ ಮರುಕಳಿಕೆ. ಸೋಂಕು ಬಿಟ್ಟುಹೋಗುವಾಗ ಮೂಲ ಕಾಯಿಲೆಯನ್ನು ಕೆರಳಿಸಿ ಹೋಗಬಹುದು. ಆಗ ಜ್ವರ ಬಿಟ್ಟಿರುತ್ತದೆ, ಕೀಲುಗಳ ಬಾವು ಎದ್ದಿರುತ್ತದೆ.

ಹೀಗೆ ಬಿಡುವುದು, ಮಾಯುವುದು, ಸುಧಾರಿಸುವುದು ಎಂಬ ಸಹಜ ಸರಣಿ ಇಲ್ಲಿ ತುಂಡಾಗುತ್ತದೆ. ‘ಹೊಳ್ಳಿ ಬಂದಾವ’ ಎಂಬ ಮಾತೂ ಹೊಂದುವುದಿಲ್ಲ. ಏಕೆಂದರೆ ಮೂಲ ರೋಗ ಹೋಗಿಯೇ ಇರುವುದಿಲ್ಲ, ಅಡಗಿರುತ್ತದೆ ಅಷ್ಟೆ. ಎಣಿಕೆಯ ಕೊನೆಗೆ ನೀರು ಹಾಕಿ ಬೀಳ್ಕೊಡಬಹುದಾದ ಅತಿಥಿ ಇದಲ್ಲ.

ಎಣಿಕೆ ಮುರಿಯುವ ಎರಡು ಸಂದರ್ಭಗಳು

ಸಂಧಿವಾತವು ಪುರುಷರಿಗಿಂತ ಸ್ತ್ರೀಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಲೂಪಸ್ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಸ್ತ್ರೀಯರು, ಅವರಲ್ಲಿಯೂ ಬಹುಪಾಲು ಹೆರುವ ವಯಸ್ಸಿನವರು. ಸಂಧಿವಾತವು ಗರ್ಭಿಣಿಯಾದಾಗ ಅನೇಕರಲ್ಲಿ ತಗ್ಗುತ್ತದೆ. ಹೆರಿಗೆಯಾದ ಕೆಲವೇ ತಿಂಗಳುಗಳಲ್ಲಿ ಮತ್ತೆ ಏರುತ್ತದೆ. ಕೆಲವರಲ್ಲಿ ಕಾಯಿಲೆ ಮೊದಲು ಕಾಣಿಸಿಕೊಳ್ಳುವುದೂ ಆ ತಿಂಗಳುಗಳಲ್ಲಿಯೇ. ಈ ವೈದ್ಯಕೀಯ ಸಂಗತಿಯನ್ನು ಬಾಣಂತನದ ಎಣಿಕೆಯ ಪಕ್ಕದಲ್ಲಿಟ್ಟು ನೋಡಿದರೆ ಒಂದು ಕಟುವಾದ ಕಾಕತಾಳೀಯ ಕಣ್ಣಿಗೆ ಬೀಳುತ್ತದೆ. ತವರಿನ ಆರೈಕೆ ಮುಗಿದು, ತೊಟ್ಟಿಲಿನೊಂದಿಗೆ ಗಂಡನ ಮನೆಗೆ ಬರುವ ಮೂರನೆಯ, ಐದನೆಯ ತಿಂಗಳೇ ಬೆರಳ ಗೆಣ್ಣುಗಳು ಬಾತು, ಮುಂಜಾನೆ ಮುಷ್ಟಿ ಮಡಚಲಾಗದ ಸ್ಥಿತಿ ಬರಬಹುದಾದ ಕಾಲ. ಹಸಿ ಮೈಗೆ ಸಮಾಜ ಕೊಟ್ಟ ರಿಯಾಯಿತಿ ತೀರಿಹೋದ ಗಳಿಗೆಯಲ್ಲಿ ಮೈ ನಿಜಕ್ಕೂ ಹಸಿಯಾಗುತ್ತದೆ.

ಇದಕ್ಕೆ ಸಿದ್ಧವಾದ ವಿವರಣೆ ಇದೆ: ‘ಬಾಣಂತ್ಯಾಗಿದ್ದಾಗ ತಂಪು ಮಾಡ್ಕೊಂಡಾಳ’, ‘ತಣ್ಣೀರಾಗ ಕೈ ಇಟ್ಟಾಳ’, ‘ಗಾಳಿ ಹೊಕ್ಕೈತಿ’. ಆಯುರ್ವೇದದ ‘ಮಾಧವನಿದಾನ’ ಗ್ರಂಥದಲ್ಲಿ ಆಮವಾತವೆಂಬ ಹೆಸರಿನಲ್ಲಿ ಕೀಲುಗಳ ಬಾವನ್ನು ವರ್ಣಿಸಲಾಗಿದ್ದು, ವಾಯುವಿನ ಕಲ್ಪನೆ ಶಾಸ್ತ್ರದಲ್ಲಿಯೂ ಜನಪದದಲ್ಲಿಯೂ ಬೆಸೆದುಕೊಂಡಿದೆ. ಆದರೆ ಆಡುಮಾತಿನ ವಿವರಣೆಯು ರೋಗದ ಕಾರಣವನ್ನು ಹೇಳುವುದರ ಜೊತೆಗೆ ಹೊಣೆಯನ್ನೂ ಹಂಚುತ್ತದೆ. ತಪ್ಪು ಸೊಸೆಯದಾಗುತ್ತದೆ, ಇಲ್ಲವೇ ಅವಳನ್ನು ಸರಿಯಾಗಿ ನೋಡಿಕೊಳ್ಳದ ತವರಿನದಾಗುತ್ತದೆ. ಎರಡು ಮನೆಗಳ ನಡುವೆ ಮಾತು ಬೆಳೆಯುವಷ್ಟರಲ್ಲಿ ಚಿಕಿತ್ಸೆ ಆರಂಭಿಸಬೇಕಾದ ತಿಂಗಳುಗಳು ಕಳೆದುಹೋಗುತ್ತವೆ. ಸಂಧಿವಾತದಲ್ಲಿ ಮೊದಲ ತಿಂಗಳುಗಳ ಚಿಕಿತ್ಸೆಯೇ ಕೀಲು ಸವೆಯುವುದನ್ನು ತಡೆಯುವಂಥದು.

ಎರಡನೆಯ ಸಂದರ್ಭ ಸರ್ಪಸುತ್ತು. ಬೆನ್ನಿನಿಂದ ಪಕ್ಕೆಗೆ, ಎದೆಗೆ ಪಟ್ಟಿಯಂತೆ ಸುತ್ತಿ ಏಳುವ ನೀರುಗುಳ್ಳೆಗಳಿಗೆ ಈ ಹೆಸರು. ಸರ್ಪದ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯವೆಂಬ ನಂಬಿಕೆ, ಕೆಮ್ಮಣ್ಣು ಹಚ್ಚುವುದು, ಮಂತ್ರಿಸುವುದು ನಾಡಿನ ಅನೇಕ ಭಾಗಗಳಲ್ಲಿವೆ. ಬಾಲ್ಯದಲ್ಲಿ ಅಮ್ಮನಾಗಿ ಬಂದುಹೋದ ಸೀತಾಳೆ ಸಿಡುಬಿನ ವೈರಾಣುವೇ ನರಗಳ ಬುಡದಲ್ಲಿ ದಶಕಗಟ್ಟಲೆ ಅಡಗಿದ್ದು, ರಕ್ಷಣಾ ಶಕ್ತಿ ಕುಗ್ಗಿದಾಗ ಸರ್ಪಸುತ್ತಾಗಿ ಎದ್ದುಬರುತ್ತದೆ. ಜನಪದರು ದೇವಿ ಮತ್ತು ಸರ್ಪ ಎಂಬ ಎರಡು ಬೇರೆ ಹೆಸರುಗಳಿಂದ ಕರೆದದ್ದು ಒಂದೇ ವೈರಾಣುವಿನ ಎರಡು ರೂಪಗಳನ್ನು. ನೀರು ಹಾಕಿ ಕಳಿಸಿದ ದೇವಿ ಪೂರ್ಣ ಹೋಗಿರಲಿಲ್ಲ.

ಲೂಪಸ್, ಸಂಧಿವಾತದ ರೋಗಿಗಳಲ್ಲಿ ಸರ್ಪಸುತ್ತು ಇತರರಿಗಿಂತ ಹೆಚ್ಚು ಕಾಣಿಸಿಕೊಳ್ಳುತ್ತದೆ. ಹುಣ್ಣು ಮಾದ ಮೇಲೂ ಉರಿ, ಚಳುಕು ತಿಂಗಳುಗಟ್ಟಲೆ ಉಳಿಯಬಹುದು. ವೈರಾಣುವನ್ನು ತಡೆಯುವ ಮಾತ್ರೆಗಳು ಗುಳ್ಳೆ ಎದ್ದ 72 ಗಂಟೆಗಳೊಳಗೆ ಆರಂಭವಾದರೆ ಹೆಚ್ಚು ಪರಿಣಾಮಕಾರಿ. ಕೆಮ್ಮಣ್ಣಿನ ಲೇಪ ಸಾಮಾನ್ಯ ಆರೋಗ್ಯದವರಿಗೆ ದೊಡ್ಡ ಕೇಡು ಮಾಡದಿರಬಹುದು, ಏಕೆಂದರೆ ಅವರಲ್ಲಿ ಬೇನೆ ತಾನಾಗಿಯೇ ಇಳಿಯುತ್ತದೆ. ಆದರೆ ಪ್ರತಿರಕ್ಷೆಯನ್ನು ತಗ್ಗಿಸುವ ಔಷಧಿ ಸೇವಿಸುವವರು ಮೂರು ದಿನ ಲೇಪದಲ್ಲಿ ಕಳೆದರೆ ಆ ಮೂರು ದಿನ ಮರಳಿ ಸಿಗುವುದಿಲ್ಲ. ಮಣ್ಣು, ಸೊಪ್ಪಿನ ರಸಗಳನ್ನು ಇಂಥವರ ತೆರೆದ ಗಾಯಕ್ಕೆ ಹಚ್ಚುವುದು ಹೊಸ ಸೋಂಕಿಗೆ ದಾರಿಯಾಗಬಲ್ಲದು. ಬಿದಿರಿನ ದಬ್ಬೆ ಕಟ್ಟಿ ಎಲುಬು ಕೂಡಿಸುವಲ್ಲಿಯೂ ಇದೇ ಎಚ್ಚರ ಅಗತ್ಯ; ತೆಳುವಾದ ಎಲುಬು ವಾಡಿಕೆಯ ವಾರಗಳ ಎಣಿಕೆಗೆ ಕೂಡಿಬರದಿರಬಹುದು.

ಪಥ್ಯದ ಮರುಬಳಕೆ

ಇಷ್ಟರಿಂದ ಜನಪದ ಆರೈಕೆಯ ಪದ್ಧತಿಯನ್ನು ಸಾರಾಸಗಟಾಗಿ ತಳ್ಳಿಹಾಕುವುದು ಸಮಂಜಸವಾಗದು. ಆಸ್ಪತ್ರೆಯ ಚೀಟಿ ಔಷಧಿಯನ್ನು ಹೇಳುತ್ತದೆ, ಬಿಡುವನ್ನು ಕೊಡಿಸುವುದಿಲ್ಲ. 1957ರಲ್ಲಿ ಆರಂಭವಾಗಿ ಮುಂದೆ ಕಿಮ್ಸ್ ಎಂದು ಪ್ರಸಿದ್ಧವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಲಘಟಗಿಯ ರೋಗಿ ಒಂದು ತಾಸಿನಲ್ಲಿ ತಲುಪಬಹುದು. ಆದರೆ ಮರಳಿ ಬಂದ ಮೇಲೆ ಕಸ ತೆಗೆಯಲು ಹೋಗಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಮನೆ. ಆ ನಿರ್ಧಾರಕ್ಕೆ ಮನೆಯವರ ಬಳಿ ಇರುವ ಭಾಷೆ ಪಥ್ಯದ ಭಾಷೆಯೇ.

ಪಥ್ಯವೆಂದರೆ ಕೇವಲ ಉಣ್ಣುವ ನಿಯಮವಲ್ಲ. ಯಾವಾಗ ಏನು ಮಾಡಬಾರದು, ಏನನ್ನು ತಪ್ಪಿಸಬಾರದು, ಯಾರು ಹತ್ತಿರ ಬರಬಾರದು ಎಂಬುದೆಲ್ಲ ಅದರಲ್ಲಿ ಸೇರಿದೆ. ಇಂಥ ರೋಗಿಗಳು ಪಾಲಿಸಬೇಕಾದ ಎಚ್ಚರಗಳು ಸ್ವರೂಪದಲ್ಲಿ ಪಥ್ಯವೇ. ದೀರ್ಘಕಾಲ ಸ್ಟಿರಾಯ್ಡ್ ಮಾತ್ರೆ ಸೇವಿಸಿದವರು ಅದನ್ನು ತಾವಾಗಿ ಹಠಾತ್ತನೆ ನಿಲ್ಲಿಸಬಾರದು. ನಿಲ್ಲಿಸಿದರೆ ದೇಹವು ಸ್ವತಃ ತಯಾರಿಸಬೇಕಾದ ರಸ ಸಾಲದೆ ಜೀವಕ್ಕೆ ಅಪಾಯ ಬರುತ್ತದೆ. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಸಂಧಿವಾತಕ್ಕೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು, ದಿನಾಲೂ ಅಲ್ಲ; ಗಂಭೀರ ಸೋಂಕು ಬಂದಾಗ ಅದನ್ನು ಕೆಲಕಾಲ ತಡೆಹಿಡಿಯಲು ವೈದ್ಯರು ಹೇಳುವುದುಂಟು. ಹೀಗೆ ಒಂದನ್ನು ಬಿಡಬಾರದು, ಇನ್ನೊಂದನ್ನು ವೈದ್ಯರನ್ನು ಕೇಳಿ ಬಿಡಬೇಕಾಗಬಹುದು. ಸ್ಟಿರಾಯ್ಡ್ ಸೇವಿಸುವವರಲ್ಲಿ ಸೋಂಕಿದ್ದರೂ ಜ್ವರ ಜೋರಾಗಿ ಕಾಣಿಸದಿರಬಹುದು; ಆದ್ದರಿಂದ ಸಣ್ಣ ಜ್ವರವನ್ನೂ ಕಡೆಗಣಿಸುವಂತಿಲ್ಲ. ಅಡಗಿದ ಕ್ಷಯರೋಗ ಎದ್ದುಬರುವ ಸಂಭವವಿರುವುದರಿಂದ ಬಹುದಿನದ ಕೆಮ್ಮನ್ನು ತೋರಿಸಲೇಬೇಕು. ಕೆಸರಿಗೆ ಇಳಿಯುವ ಮುನ್ನ ಕಾಲಿನ ಗಾಯ ಮುಚ್ಚಿರಬೇಕು.

‘ರೋಗನಿರೋಧಕ ಶಕ್ತಿಯ ದಮನ’ ಎಂಬ ಶಾಸ್ತ್ರೀಯ ಮಾತು ಮುಟ್ಟದ ಕಡೆ ‘ಇವಳದು ಇನ್ನೂ ಹಸಿ ಮೈ’ ಎಂಬ ಮಾತು ಮುಟ್ಟುತ್ತದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿರುವ ಆಶಾ ಕಾರ್ಯಕರ್ತೆಯರು ಬಾಣಂತಿಯರ ಮನೆಗೆ ಹೋಗಿಬರುವವರು, ಸ್ಥಳೀಯ ನುಡಿ ಬಲ್ಲವರು. ಹೆರಿಗೆಯ ನಂತರದ ತಿಂಗಳುಗಳಲ್ಲಿ ಮುಂಜಾನೆ ಕೈಬೆರಳು ಬಿಗಿಯುವುದನ್ನು ತಂಪಿನ ದೋಷವೆಂದು ಬಿಡದೆ ವೈದ್ಯರಿಗೆ ತೋರಿಸಬೇಕೆಂಬ ಒಂದು ಮಾತನ್ನು ಬಾಣಂತನದ ಪಥ್ಯದೊಂದಿಗೆ ಸೇರಿಸಿ ಹೇಳಲು ಅವರಿಗಿಂತ ಯೋಗ್ಯರಿಲ್ಲ. ನಂಜಿನ ಕಲ್ಪನೆಯಿಂದ ಹೊಣೆಗಾರಿಕೆಯ ಅಂಶವನ್ನು ಬೇರ್ಪಡಿಸುವುದೇ ಇಲ್ಲಿಯ ಕಠಿಣ ಕೆಲಸ. ಬದನೆಕಾಯಿ ತಿಂದದ್ದರಿಂದ ಗಾಯ ನಿಂತಿಲ್ಲ, ತಣ್ಣೀರು ಮುಟ್ಟಿದ್ದರಿಂದ ಕೀಲು ಬಾತಿಲ್ಲ ಎಂಬುದು ಮನೆಯ ಹಿರಿಯರಿಗೆ ಮನದಟ್ಟಾದರೆ ರೋಗಿಯ ಅರ್ಧ ಭಾರ ಇಳಿಯುತ್ತದೆ.

ಉಪಸಂಹಾರ

ಕಲಘಟಗಿ ಸೀಮೆಯ ಜನಪದ ವೈದ್ಯದಲ್ಲಿ ಚೇತರಿಕೆಗೆ ಎರಡು ಬಗೆಯ ಅಳತೆಗಳಿವೆ. ಒಂದು, ಐದು, ಒಂಬತ್ತು, ನಲವತ್ತು ಎಂಬ ದಿನಗಳ ಅಳತೆ. ಅದು ಬಂದು ಹೋಗುವ ಬೇನೆಗಳಿಗಾಗಿ ರೂಪುಗೊಂಡದ್ದು. ಹೋಗದ ಬೇನೆಯ ಎದುರಿಗೆ ಅದು ರೋಗಿಯನ್ನೇ ದೂರುವ ಸಾಧನವಾಗುತ್ತದೆ. ಇನ್ನೊಂದು, ಹಸಿ ಮತ್ತು ಸುಧಾರಿಸುವುದು ಎಂಬ ಶಬ್ದಗಳಲ್ಲಿರುವ ಅಳತೆ. ಅದಕ್ಕೆ ಸಂಖ್ಯೆಯಿಲ್ಲ. ಮೈ ಹಸಿಯಾಗಿರುವವರೆಗೆ ಆರೈಕೆ, ಸುಧಾರಿಸಿದ ಮೇಲೆ ದುಡಿಮೆ ಎಂಬ ಈ ತತ್ವ ದಿನಗಳನ್ನು ಕೇಳುವುದಿಲ್ಲ, ಮೈಯನ್ನು ಕೇಳುತ್ತದೆ. ನಿಧಾನವಾಗಿ ಚೇತರಿಸಿಕೊಳ್ಳುವವರಿಗೆ ನ್ಯಾಯ ಒದಗಿಸಬಲ್ಲದ್ದು ಈ ಎರಡನೆಯ ಅಳತೆ.

ಆದುದರಿಂದ ಜನಪದ ವೈದ್ಯದ ಮುಂದಿನ ಕ್ಷೇತ್ರಕಾರ್ಯದಲ್ಲಿ ಔಷಧಿಯ ಪಟ್ಟಿಯೊಂದಿಗೆ ಚೇತರಿಕೆಯ ಶಬ್ದಗಳನ್ನೂ ಗಡುವುಗಳನ್ನೂ ಸಂಗ್ರಹಿಸುವುದು ಅವಶ್ಯ. ವಿಶೇಷವಾಗಿ ನಾಟಿ ವೈದ್ಯರಷ್ಟೇ ಅಲ್ಲದೆ, ಎಣಿಕೆಯ ದಿನಗಳಲ್ಲಿ ವಾಸಿಯಾಗದೆ ಉಳಿದವರೂ ವಕ್ತೃಗಳಾಗಬೇಕು. ಗುಣವಾದವರ ಮಾತಿನಿಂದ ಔಷಧಿಯ ಖ್ಯಾತಿ ತಿಳಿಯುತ್ತದೆ. ಗುಣವಾಗದೆ ಉಳಿದವರ ಮಾತಿನಿಂದ ಆರೈಕೆಯ ಪದ್ಧತಿ ಎಷ್ಟು ದೂರ ಅವರೊಂದಿಗೆ ನಡೆಯಿತು, ಎಲ್ಲಿ ಕೈಬಿಟ್ಟಿತು ಎಂಬುದು ತಿಳಿಯುತ್ತದೆ.